ಹಾಡಿನ ನಾಟಕ: ಜಾತ್ರೆಯ ತಗಡಿನ ಥಿಯೇಟರೋ, ಧಾರವಾಡದ ರಂಗಮಂದಿರವೋ?

ಮೊದಲ ಸಲ ನೋಡುವವರಾದರೆ ಕಂಪನಿ ನಾಟಕಕ್ಕೇ ಹೋಗಿ, ಅಂದರೆ ವೃತ್ತಿ ತಂಡಗಳು ಜಾತ್ರೆಯಲ್ಲಿ ತಗಡಿನ ಥಿಯೇಟರ್ ಹಾಕಿ ಆಡುವ ನಾಟಕಕ್ಕೆ. ಹಾರ್ಮೋನಿಯಂ, ತಬಲಾ, ಜೊತೆಗೆ ಜನರ ಗದ್ದಲ. ಹಾಡು ಹಿಡಿಸಿದರೆ ‘ಒನ್ಸ್ ಮೋರ್’ ಅಂತ ಕೂಗುತ್ತಾರೆ. ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೆ ಹಾಡಿತ್ತು ಅಂತ ಹಿರಿಯರು ನಗುತ್ತಾ ಹೇಳುತ್ತಾರೆ! ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೂ ತನ್ನದೇ ನಾಟಕ ಕಂಪನಿ ಇತ್ತು. ಸಂಗೀತ ಕಲಿಸುವ ಜಾಗ, ಹಾಡಿಗೆ ಬರವೇ? ಈಗಿನ ಕಂಪನಿಗಳಲ್ಲಿ ಕಾಮಿಡಿ ಜಾಸ್ತಿ, ಎರಡರ್ಥದ ಮಾತೂ ಬರುತ್ತದೆ. ಮಕ್ಕಳನ್ನು ಕರೆದೊಯ್ಯುವ ಮೊದಲು ವಿಚಾರಿಸಿಕೊಳ್ಳಿ.

ಹಾಡಿನ ಒಂದೊಂದು ಸಾಲೂ ಕಿವಿಗೆ ಬೀಳಬೇಕಾ? ಹಾಗಾದರೆ ಧಾರವಾಡದ ಸೃಜನಾ ರಂಗಮಂದಿರ. ಅಲ್ಲಿ ಸುಮ್ನೆ ಕೂತು ಕೇಳಬಹುದು. ಶಿಳ್ಳೆ ಮಾತ್ರ ಹಾಕಬೇಡಿ. ಒಮ್ಮೆ ನಾನು ಹಾಕಿದ್ದಕ್ಕೆ ಮುಂದಿನ ಸಾಲೆಲ್ಲ ತಿರುಗಿ ನೋಡಿತ್ತು.