ಪಬ್‌ಮೆಡ್: ದುರಂತ ಸಂತ್ರಸ್ತರ ಆರೋಗ್ಯ ಸಂಶೋಧನೆಯನ್ನು ಹುಡುಕಲು ಎಷ್ಟು ನೆಚ್ಚಬಹುದು?

ಕಲಬುರಗಿಯ ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧ ಬರೆಯಲು ಕುಳಿತಾಗ ಸಾಮಾನ್ಯವಾಗಿ ಮೊದಲು ತೆರೆಯುವುದು ಪಬ್‌ಮೆಡ್ ಜಾಲತಾಣವನ್ನು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಈ ಸೇವೆ 1997ರಿಂದ ಎಲ್ಲರಿಗೂ ಉಚಿತವಾಗಿದ್ದು, ಮೂರೂವರೆ ಕೋಟಿಗೂ ಹೆಚ್ಚು ವೈದ್ಯಕೀಯ ಸಂಶೋಧನಾ ಲೇಖನಗಳ ವಿವರಗಳನ್ನು ಒಳಗೊಂಡಿದೆ. ಮಧುಮೇಹ, ಕ್ಷಯದಂತಹ ಕಾಯಿಲೆಗಳ ವಿಷಯದಲ್ಲಿ ಅದರ ಉಪಯುಕ್ತತೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ದೊಡ್ಡ ದುರಂತವೊಂದಕ್ಕೆ ಸಿಕ್ಕಿದ ಜನರ ಆರೋಗ್ಯದ ಬಗ್ಗೆ ಈವರೆಗೆ ಆಗಿರುವ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಲು ಹೊರಟವರಿಗೆ ಅದು ಎಷ್ಟರಮಟ್ಟಿಗೆ ಒದಗಿಬರುತ್ತದೆ ಎಂಬುದು ಬೇರೆಯದೇ ಪ್ರಶ್ನೆ. ಭೋಪಾಲ್ ಅನಿಲ ದುರಂತವನ್ನು ಮುಖ್ಯ ವಿಷಯವಾಗಿ ಇಟ್ಟುಕೊಂಡು ಈ ಸೇವೆಯನ್ನು ಬಳಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ.

ಹುಡುಕಾಟದ ಜಾಗದಲ್ಲಿ ಭೋಪಾಲ್ ಎಂದಷ್ಟೇ ಬರೆದರೆ ಪಟ್ಟಿ ತುಂಬ ಆ ಊರಿನ ಏಮ್ಸ್ ವೈದ್ಯರು ಬರೆದ ಲೇಖನಗಳೇ ಬರುತ್ತವೆ. ಮೂಳೆ ಮುರಿತ, ಶಿಲೀಂಧ್ರ ಸೋಂಕು, ಅರಿವಳಿಕೆ ಎಂದು ಅನಿಲಕ್ಕೆ ಸಂಬಂಧವೇ ಇಲ್ಲದ ವಿಷಯಗಳು. ಲೇಖಕರ ವಿಳಾಸದಲ್ಲಿರುವ ಊರಿನ ಹೆಸರನ್ನೂ ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇದಕ್ಕೆ ಕಾರಣ. ಪದದ ಪಕ್ಕದಲ್ಲಿ ಚೌಕಾವರಣದೊಳಗೆ ಟಿ, ಐ, ಎ, ಬಿ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಸೇರಿಸಿದರೆ ಶೀರ್ಷಿಕೆ, ಸಾರಾಂಶ ಮತ್ತು ಲೇಖಕರು ಕೊಟ್ಟ ಮುಖ್ಯಪದಗಳಲ್ಲಿ ಮಾತ್ರ ಹುಡುಕಾಟ ನಡೆದು ಗದ್ದಲ ಕಡಿಮೆಯಾಗುತ್ತದೆ. ಮೀಥೈಲ್ ಐಸೊಸಯನೇಟ್ ಎಂಬ ಅನಿಲದ ಹೆಸರನ್ನು ಜೊತೆಗಿಟ್ಟರೆ ಪಟ್ಟಿ ಇನ್ನೂ ಹಸನಾಗುತ್ತದೆ. ಚೆರ್ನೋಬಿಲ್, ಫುಕುಶಿಮಾ, 2001ರ ಸೆಪ್ಟೆಂಬರ್ 11ರ ದಾಳಿಗಳಿಗೆ ಕೊಟ್ಟಂತೆ ಭೋಪಾಲ್ ದುರಂತಕ್ಕೂ ಗ್ರಂಥಾಲಯವು ಪ್ರತ್ಯೇಕ ವಿಷಯಶೀರ್ಷಿಕೆಯನ್ನೇ ಕೊಟ್ಟಿದೆ; ಅದನ್ನು ಬಳಸಿದರೆ ಇಷ್ಟು ಒದ್ದಾಡಬೇಕಾಗಿಲ್ಲ.

ನಮ್ಮ ಭಾಗದವರಿಗೆ ಇನ್ನೊಂದು ತೊಡಕಿದೆ. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪವನ್ನು ಕಲಬುರಗಿ, ಬೀದರ್‌ಗಳಲ್ಲಿ ಹಿರಿಯರು ಇಂದಿಗೂ ನೆನೆಯುತ್ತಾರೆ. ಅದರ ಮೇಲಿನ ಲೇಖನಗಳು ಕಿಲ್ಲಾರಿ, ಲಾತೂರ್, ಮರಾಠವಾಡ ಎಂದು ಬೇರೆ ಬೇರೆ ಹೆಸರುಗಳಲ್ಲಿ ಹರಡಿವೆ. ನಮ್ಮ ಜಿಲ್ಲೆಯ ಹಳೆಯ ಲೇಖನಗಳು ಬೇಕಾದವರು ಗುಲ್ಬರ್ಗಾ ಎಂದೂ ಹುಡುಕಲೇಬೇಕು. ಇಂಥ ಕೆಲಸವನ್ನು ಹುಡುಕುವವರೇ ಮಾಡಿಕೊಳ್ಳಬೇಕಾಗಿರುವುದರಿಂದ, ಇದನ್ನು ದೊಡ್ಡ ದೋಷವೆಂದು ಎಣಿಸಲಾರೆ.

ನಿಜವಾದ ಕೊರತೆ ಇರುವುದು ಬೇರೆ ಕಡೆ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ತೊಟ್ಟಿಯಿಂದ ಅನಿಲ ಸೋರಿದ ಬಳಿಕ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು, ಅಂದರೆ ಐಸಿಎಂಆರ್, ಸುಮಾರು 80 ಸಾವಿರ ಅನಿಲಪೀಡಿತರನ್ನೂ ಹೋಲಿಕೆಗಾಗಿ ಸುಮಾರು 16 ಸಾವಿರ ಇತರರನ್ನೂ ದಾಖಲಿಸಿಕೊಂಡು 1985ರಿಂದ 1994ರವರೆಗೆ ಅಧ್ಯಯನ ನಡೆಸಿತು. ಆ ದೀರ್ಘ ಅಧ್ಯಯನದ ತಾಂತ್ರಿಕ ವರದಿ ಹೊರಬಂದದ್ದು 2004ರಲ್ಲಿ, ಅದೂ ಪತ್ರಿಕೆಯ ಲೇಖನವಾಗಿ ಅಲ್ಲ, ಸರ್ಕಾರಿ ಸಂಸ್ಥೆಯ ವರದಿಯಾಗಿ. ಪಬ್‌ಮೆಡ್ ಮುಖ್ಯವಾಗಿ ಪತ್ರಿಕೆಗಳ ಲೇಖನಗಳ ಸೂಚಿಯಾಗಿರುವುದರಿಂದ, ಆ ಪಟ್ಟಿಯನ್ನೇ ನಂಬಿ ಭೋಪಾಲ್ ಬಗ್ಗೆ ವಿಮರ್ಶೆ ಬರೆದವರು ಅತಿ ದೊಡ್ಡ ಅಧ್ಯಯನದ ಮುಖ್ಯ ದಾಖಲೆಯನ್ನು ನೋಡದೆಯೇ ಮುಗಿಸುವ ಸಾಧ್ಯತೆಯಿದೆ. 1995ರ ನಂತರ ಅನುಸರಣೆಯ, ಅಂದರೆ ಆ ಜನರ ಆರೋಗ್ಯವನ್ನು ಮುಂದೆಯೂ ಗಮನಿಸುತ್ತ ಹೋಗುವ ಹೊಣೆ ಮಧ್ಯಪ್ರದೇಶ ಸರ್ಕಾರದ ಪುನರ್ವಸತಿ ಅಧ್ಯಯನ ಕೇಂದ್ರಕ್ಕೆ ಹೋಯಿತು. ಪರಿಸರ ಆರೋಗ್ಯಕ್ಕಾಗಿಯೇ ಐಸಿಎಂಆರ್‌ನ ರಾಷ್ಟ್ರೀಯ ಸಂಸ್ಥೆ ಭೋಪಾಲ್‌ನಲ್ಲಿ ಆರಂಭವಾದದ್ದು 2010ರಲ್ಲಿ. ಈ ಇತಿಹಾಸ ಗೊತ್ತಿಲ್ಲದವರಿಗೆ ಪಟ್ಟಿಯಲ್ಲಿ ಏನು ಕಾಣೆಯಾಗಿದೆ ಎಂಬುದೇ ಹೊಳೆಯುವುದಿಲ್ಲ.

ಸಿಕ್ಕಿದ ಲೇಖನಗಳನ್ನು ತೂಗಿ ನೋಡುವ ವಿಷಯದಲ್ಲಿ ಪಬ್‌ಮೆಡ್ ಹೆಚ್ಚು ನೆರವಾಗುವುದಿಲ್ಲ. ದೋಷ ಕಂಡು ಪತ್ರಿಕೆಯೇ ಹಿಂಪಡೆದ ಲೇಖನದ ಮೇಲೆ ಎದ್ದುಕಾಣುವ ಎಚ್ಚರಿಕೆ ಹಾಕುತ್ತದೆ, ಅದಕ್ಕೆ ಮೆಚ್ಚುಗೆ ಸಲ್ಲಬೇಕು. ಆದರೆ ದುರಂತದ ಅಧ್ಯಯನದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಎಣಿಕೆಗೆ ಸಿಕ್ಕವರು ಯಾರು, ಕೊನೆಯವರೆಗೆ ಉಳಿದವರು ಯಾರು ಎಂಬುದು. ಹಿರೋಶಿಮಾ, ನಾಗಾಸಾಕಿಗಳಲ್ಲಿ ಬದುಕುಳಿದವರ ಹೆಸರಾಂತ ಅಧ್ಯಯನವು 1950ರ ಜನಗಣತಿಯನ್ನು ಆಧರಿಸಿ ಶುರುವಾದ್ದರಿಂದ, ಮೊದಲ ಐದು ವರ್ಷಗಳಲ್ಲಿ ತೀರಿಕೊಂಡವರು ಅದರ ಲೆಕ್ಕದಲ್ಲೇ ಇಲ್ಲ. ಫುಕುಶಿಮಾದಲ್ಲಿ ಮೂರು ಲಕ್ಷದಷ್ಟು ಮಕ್ಕಳ ಥೈರಾಯ್ಡ್ ಗ್ರಂಥಿಯನ್ನು ಅಲ್ಟ್ರಾಸೌಂಡ್‌ನಿಂದ ತಪಾಸಣೆ ಮಾಡಿದಾಗ ಕ್ಯಾನ್ಸರ್ ಪ್ರಕರಣಗಳು ನಿರೀಕ್ಷೆಗಿಂತ ಹೆಚ್ಚು ಸಿಕ್ಕವು. ವಿಕಿರಣದ ಪರಿಣಾಮಗಳನ್ನು ಪರಿಶೀಲಿಸುವ ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯು ಅದಕ್ಕೆ ವಿಕಿರಣಕ್ಕಿಂತ ಅಷ್ಟು ಸೂಕ್ಷ್ಮವಾದ ತಪಾಸಣೆಯೇ ಕಾರಣವೆಂದು ತಿಳಿಸಿತು. ಭೋಪಾಲ್‌ನಲ್ಲಂತೂ ಯಾರ ಮೈಗೆ ಎಷ್ಟು ಅನಿಲ ತಾಗಿತೆಂದು ಅಳೆಯುವ ಉಪಾಯವೇ ಇರಲಿಲ್ಲ. ಮೊದಲ ಕೆಲವು ದಿನಗಳ ಸಾವಿನ ಪ್ರಮಾಣ ನೋಡಿ ಬಡಾವಣೆಗಳನ್ನು ತೀವ್ರ, ಮಧ್ಯಮ, ಅಲ್ಪ ಎಂದು ವಿಂಗಡಿಸಿದರು. ಇದಕ್ಕೆ ಪ್ರತಿಯಾಗಿ ನ್ಯೂಯಾರ್ಕ್‌ನ ಅಗ್ನಿಶಾಮಕ ಸಿಬ್ಬಂದಿಯ ಶ್ವಾಸಕೋಶದ ಅಳತೆಗಳು 2001ರ ದಾಳಿಗೆ ಮುಂಚಿನಿಂದಲೂ ಕಡತದಲ್ಲಿದ್ದವು; 2010ರಲ್ಲಿ ಪ್ರಕಟವಾದ ಅವರ ಅಧ್ಯಯನ ಗಟ್ಟಿಯಾಗಿ ನಿಂತಿರುವುದು ಆ ಹಳೆಯ ಅಳತೆಗಳ ಬಲದ ಮೇಲೆಯೇ. ಇವೆಲ್ಲವೂ ಪಬ್‌ಮೆಡ್‌ನ ಪಟ್ಟಿಯಲ್ಲಿ ಒಂದೇ ಅಳತೆಯ ಅಕ್ಷರಗಳಲ್ಲಿ, ಒಂದರ ಕೆಳಗೊಂದು ಕಾಣಿಸುತ್ತವೆ.

ಈ ಮಾತು ನಮ್ಮ ಊರಿಗೂ ದೂರದ್ದಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿದಾಗ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳ ಜನರನ್ನು ಕಾಳಜಿ ಕೇಂದ್ರಗಳಿಗೆ ಸಾಗಿಸಲಾಯಿತು. ಅಂಥ ಕೇಂದ್ರದ ಹಾಜರಿ ಪಟ್ಟಿಯನ್ನೇ ಆಧಾರ ಮಾಡಿಕೊಂಡು ಯಾರಾದರೂ ಅಧ್ಯಯನ ಕೈಗೊಂಡರೆ, ನೆಂಟರ ಮನೆ ಸೇರಿದವರು ಮೊದಲೇ ಹೊರಗುಳಿಯುತ್ತಾರೆ. ಆರು ತಿಂಗಳ ಬಳಿಕ ಮತ್ತೆ ಮನೆ ಮನೆಗೆ ಹೋದರೆ, ದುಡಿಯುವ ವಯಸ್ಸಿನವರು ಬೆಂಗಳೂರಿಗೋ ಪುಣೆಗೋ ಮುಂಬೈಗೋ ಗುಳೆ ಹೋಗಿ, ಬಾಗಿಲಲ್ಲಿ ಮುದುಕರೂ ಮಕ್ಕಳೂ ಸಿಗುತ್ತಾರೆ. ವಿದ್ಯಾರ್ಥಿಗಳು ವಿದೇಶದ ಲೇಖನವೊಂದರಲ್ಲಿ ಅನುಸರಣೆಗೆ ಸಿಗದವರ ಪ್ರಮಾಣವನ್ನು ಓದುವಾಗ ಈ ಬೀಗ ಹಾಕಿದ ಮನೆಗಳನ್ನು ನೆನೆದರೆ, ಆ ಅಂಕಿಯನ್ನು ಹಾಗೇ ದಾಟಿ ಹೋಗಲಾರರು.

ಪಟ್ಟಿಯನ್ನು ಮೊದಲಿಗೆ ಹೆಚ್ಚು ಹೊಂದುವ ಲೇಖನಗಳ ಕ್ರಮದಲ್ಲಿ ತೋರಿಸುವ ಪದ್ಧತಿಯಿದೆ; ವಿಮರ್ಶೆಗೆ ಕುಳಿತವರು ಅದನ್ನು ಪ್ರಕಟಣೆಯ ದಿನಾಂಕದ ಕ್ರಮಕ್ಕೆ ಬದಲಿಸಿಕೊಳ್ಳುವುದು ಲೇಸು. ಪೂರ್ಣ ಪಾಠ ಉಚಿತವಾಗಿರುವ ಲೇಖನಗಳನ್ನಷ್ಟೇ ಆರಿಸುವ ಸೌಲಭ್ಯ ಆಕರ್ಷಕವಾದರೂ ಅಪಾಯಕಾರಿ, ಏಕೆಂದರೆ ಹಣ ಕೊಟ್ಟು ಓದಬೇಕಾದ ಹಳೆಯ ಲೇಖನಗಳು ಅದರಿಂದ ಸದ್ದಿಲ್ಲದೆ ಹೊರಬೀಳುತ್ತವೆ. 1987ರಲ್ಲಿ ಐಸಿಎಂಆರ್‌ನ ಪತ್ರಿಕೆ ಭೋಪಾಲ್‌ಗಾಗಿಯೇ ಹೊರತಂದ ಪುರವಣಿಯಂಥವನ್ನು ಕಾಲೇಜಿನ ಗ್ರಂಥಪಾಲಕರ ಮೂಲಕ ಕೇಳಿ ತರಿಸಿಕೊಳ್ಳುವ ವ್ಯವಧಾನ ಬೇಕು.

ಉಚಿತ ಖಾತೆ ತೆರೆದು ಹುಡುಕಾಟವನ್ನು ಉಳಿಸಿಟ್ಟರೆ, ಹೊಸ ಲೇಖನ ಬಂದಾಗ ಇಮೇಲ್‌ನಲ್ಲಿ ತಿಳಿಸುವ ಏರ್ಪಾಡು ನನಗೆ ಎಲ್ಲಕ್ಕಿಂತ ಹಿಡಿಸಿತು. ಭೋಪಾಲ್ ಹಳೆಯ ವಿಷಯವೆಂದುಕೊಂಡವರಿಗೆ ಇದು ಬಹಳ ಮುಖ್ಯ. ದುರಂತದ ಸಮಯದಲ್ಲಿ ತಾಯಿಯ ಗರ್ಭದಲ್ಲಿದ್ದವರ ಮೇಲಾದ ಪರಿಣಾಮವನ್ನು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಅಂಶಗಳಿಂದ ಹುಡುಕಿದ ಅಧ್ಯಯನ ಬಿಎಂಜೆ ಓಪನ್ ಪತ್ರಿಕೆಯಲ್ಲಿ ಪ್ರಕಟವಾದದ್ದು 2023ರಲ್ಲಿ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ; ಜೊತೆಗೆ ಐಸಿಎಂಆರ್‌ನ ವರದಿಗಳನ್ನು ಬೇರೆಯಾಗಿ ಓದಲು ಸಿದ್ಧವಿಲ್ಲದವರಿಗೆ, ಭೋಪಾಲ್‌ನ ಮಟ್ಟಿಗೆ, ಎರಡೇ.