ಫಲಕವಿಲ್ಲದ ಅಂಗಡಿಯಲ್ಲಿ ಸಾವಕಾರನ ಬಿಲ್ಲೆ

ನಮ್ಮ ನಾಯಿಯ ಕೊರಳಿನ ಹಿತ್ತಾಳೆ ಬಿಲ್ಲೆಯನ್ನು ನೋಡಿ ಈಗಾಗಲೇ ನಾಲ್ಕು ಜನ ಎಲ್ಲಿ ಮಾಡಿಸಿದಿರಿ ಎಂದು ಕೇಳಿದ್ದಾರೆ. ಒಬ್ಬೊಬ್ಬರಿಗೂ ದಾರಿ ಹೇಳಿ ಸಾಕಾಗಿದೆ. ಏಕೆಂದರೆ ಆ ಅಂಗಡಿಗೆ ಹೆಸರಿಲ್ಲ. ವಿಜಯಪುರದ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಯ ಹಿಂದೆ, ಪಾತ್ರೆ ಅಂಗಡಿಗಳ ಸಾಲು ಮುಗಿಯುವಲ್ಲಿ, ಒಬ್ಬರು ಕುಳಿತರೆ ಇನ್ನೊಬ್ಬರು ನಿಲ್ಲಬೇಕಾದಷ್ಟೇ ಜಾಗ. ಮನೆಯ ನಾಮಫಲಕ, ಕಚೇರಿಯ ಶಿಕ್ಕಾ, ಕ್ರೀಡಾಕೂಟದ ಢಾಲು, ಸ್ಟೀಲು ಪಾತ್ರೆಯ ಮೇಲಿನ ಹೆಸರು, ಎಲ್ಲವೂ ಅಲ್ಲಿ ಆಗುತ್ತವೆ. ಕನ್ನಡ, ಉರ್ದು, ಮರಾಠಿ, ಇಂಗ್ಲಿಷ್, ಯಾವ ಲಿಪಿ ಕೇಳಿದರೂ ಕೊರೆದು ಕೊಡುತ್ತಾರೆ. ತಮ್ಮ ಅಂಗಡಿಗೆ ಮಾತ್ರ ಫಲಕವಿಲ್ಲ. ಕೇಳಿದರೆ, "ಮೊದಲು ಗಿರಾಕಿಗಳದು ಮುಗಿಯಲಿ" ಎನ್ನುತ್ತಾರೆ. ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ನಾನು ಚಾಚಾ ಎನ್ನುತ್ತೇನೆ.

ನಾನು ಅಲ್ಲಿಗೆ ಹೋದದ್ದು ಒಂದು ಬಿಲ್ಲೆಗಾಗಿ. ಆದರೆ ಬಿಲ್ಲೆಯ ಮೇಲೆ ಏನು ಬರೆಸಬೇಕು ಎಂಬುದು ನನಗೇ ಗೊತ್ತಿರಲಿಲ್ಲ.

ನಾಯಿ ಮುಧೋಳದ್ದು. ನನ್ನ ಯಜಮಾನರ ಜೊತೆಗೆ ಕೆಲಸ ಮಾಡಿದವರೊಬ್ಬರು ಮಗನ ಮನೆಗೆಂದು ಪರರಾಜ್ಯಕ್ಕೆ ಹೊರಟಾಗ ನಮಗೆ ಕೊಟ್ಟು ಹೋದರು. ಬಂದಾಗ ಅದಕ್ಕೆ ಎರಡು ವರ್ಷ ಎಂಟು ತಿಂಗಳು. ಕಡ್ಡಿಯಂಥ ಕಾಲು, ಒಳಗೆ ಸೇರಿಕೊಂಡ ಹೊಟ್ಟೆ, ಉದ್ದ ಮುಖ. ನೋಡಿದವರು "ಊಟ ಹಾಕುವುದಿಲ್ಲವೇ?" ಎಂದು ಕೇಳಿಯೇ ಕೇಳುತ್ತಾರೆ. ತಳಿಯೇ ಹಾಗೆ, ಓಡಲೆಂದೇ ಹುಟ್ಟಿದ್ದು. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರವಿರುವ ಅಂಚೆಚೀಟಿ ತಂದಿದೆ ಎಂದು ಹೇಳಿದ ಮೇಲಷ್ಟೇ ನಮ್ಮ ಅಡುಗೆಮನೆಯ ಮೇಲಿನ ಅನುಮಾನ ಕಡಿಮೆಯಾಗುತ್ತದೆ.

ಹೊರಡುವಾಗ ಅವರು ಹೇಳಿದರು: "ಹೆಸರು ಸಾವಕಾರ. ಮರಿಯಿದ್ದಾಗ ಉಳಿದವೆಲ್ಲ ಕಿತ್ತಾಡುತ್ತಿದ್ದವು, ಇವನೊಬ್ಬ ಗೋಡೆಗೆ ಒರಗಿ ಕುಳಿತಿರುತ್ತಿದ್ದ."

ಬೇರೆ ಊರಿನಲ್ಲಿ ಇದು ಚಂದದ ಹೆಸರೇ. ಆದರೆ ಆಶ್ರಮ ರಸ್ತೆಯ ಕಡೆ ನಾವು ಬಾಡಿಗೆಗೆ ಇರುವ ಮನೆಯ ಮಾಲೀಕರನ್ನು ಇಡೀ ಓಣಿ ಕರೆಯುವುದೇ ಸಾವಕಾರರು ಎಂದು. ಎಪಿಎಂಸಿಯಲ್ಲಿ ಅಡತಿ ಅಂಗಡಿ. ಬಹಳ ಮರ್ಯಾದೆಯ ಮನುಷ್ಯ. ಅವರು ಕೆಳಗೆ, ನಾವು ಮೇಲೆ. ಮೊದಲ ದಿನ ಬೆಳಿಗ್ಗೆಯೇ ನಾನು ಮೆಟ್ಟಿಲ ಮೇಲೆ ನಿಂತು "ಏ ಸಾವಕಾರಾ, ಚಪ್ಪಲಿ ಬಿಡು!" ಎಂದು ಕೂಗಿದೆ. ಕೆಳಗೆ ಚಹಾ ಕುಡಿಯುತ್ತಿದ್ದವರ ಬಟ್ಟಲಿನ ಸದ್ದು ನಿಂತಿತು. ಅಂದಿನಿಂದ ಎರಡು ವಾರ ನಾನು ನಾಯಿಯನ್ನು ಕಿವಿಯ ಹತ್ತಿರ ಬಾಗಿ, ಗುಟ್ಟು ಹೇಳುವಂತೆ ಕರೆದೆ.

ಹೆಸರನ್ನು ಮೊಟಕು ಮಾಡೋಣವೆಂದರೆ ಅದೂ ಆಗುವಂತಿಲ್ಲ. "ಸಾವಾ" ಎಂದು ಒಮ್ಮೆ ಕರೆದೆ. ಒಳಗಿನಿಂದ ಅತ್ತೆ, "ಮುಸ್ಸಂಜೆ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತು ಏನನ್ನು ಕರೆಯುತ್ತಿದ್ದೀಯಾ?" ಎಂದರು.

ಬಿಲ್ಲೆಯನ್ನು ಮೊದಲು ಆನ್‌ಲೈನಿನಲ್ಲಿ ತರಿಸಿದ್ದೆ. ಆ ಅವಾಂತರವನ್ನೂ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಕೊರೆಯುತ್ತೇವೆ ಎಂದು ಬರೆದಿದ್ದರು. ಬಂದದ್ದರಲ್ಲಿ ಸ ಒಂದು ಕಡೆ, ಅದರ ದೀರ್ಘ ಇನ್ನೊಂದು ಕಡೆ, ನಡುವೆ ಚುಕ್ಕಿಗಳ ಒಂದು ವೃತ್ತ. ನಾಯಿಗೇನೂ ಓದಲು ಬರುವುದಿಲ್ಲ, ನಿಜ. ಆದರೆ ಅದು ತಪ್ಪಿಸಿಕೊಂಡಾಗ ಓದಬೇಕಾದವರಿಗೂ ಅದು ಹೆಸರೆಂದು ತಿಳಿಯುತ್ತಿರಲಿಲ್ಲ. ಮರಳಿಸಲು ಹೋದರೆ, ಹೇಳಿ ಮಾಡಿಸಿದ ವಸ್ತುವನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದರು.

ಚಾಚಾ ಆ ಬಿಲ್ಲೆಯನ್ನು ನೋಡಿ ನಗಲಿಲ್ಲ. "ಯಂತ್ರಕ್ಕೆ ಕನ್ನಡ ಕಲಿಸಿಲ್ಲ" ಎಂದಷ್ಟೇ ಹೇಳಿದರು. ಅವರಲ್ಲೂ ಕಂಪ್ಯೂಟರಿನ ಯಂತ್ರವಿದೆ, ದೊಡ್ಡ ಫಲಕಗಳಿಗೆ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಅಕ್ಷರ ಜೋಡಿಸುತ್ತಾರೆ. ಸಣ್ಣ ಕೆಲಸವಾದರೆ ಕೈಯಲ್ಲೇ. ಪಾತ್ರೆಗೆ ಹೆಸರು ಹಾಕುವ ಗುರ್ ಎನ್ನುವ ಪೆನ್ನು ಬೇರೆ, ಹಿತ್ತಾಳೆಗೆ ಹಿಡಿಯುವ ಉಳಿ ಬೇರೆ. ಮೊದಲು ಪೆನ್ಸಿಲಿನಲ್ಲಿ ಬರೆದು ತೋರಿಸುತ್ತಾರೆ, ನೀವು ಹೂಂ ಎನ್ನುವವರೆಗೆ ಉಳಿ ಮುಟ್ಟುವುದಿಲ್ಲ.

"ಏನು ಬರೆಯಲಿ ಅಕ್ಕನವರೇ?"

ನಾನು ಸುಮ್ಮನಿದ್ದೆ. ಅವರು ಹೊರಗಿನಿಂದ ಒಂದು ಸ್ಟೂಲು ಎಳೆದುಕೊಟ್ಟರು. ಕಥೆ ಕೇಳಿ ಒಂದು ಡಬ್ಬಿ ತೆಗೆದರು. ತುಂಬ ಹಳೆಯ ಶಿಕ್ಕಾಗಳು. 2014ರ ನವೆಂಬರ್ ಒಂದರಂದು ಬಿಜಾಪುರ ವಿಜಯಪುರವಾದಾಗ ಬದಲಿಸಲು ತಂದವರು ಅಲ್ಲೇ ಬಿಟ್ಟು ಹೋದವು. ಆ ಚಳಿಗಾಲ ರಾತ್ರಿ ಹತ್ತರವರೆಗೂ ಅಂಗಡಿ ತೆರೆದಿರುತ್ತಿತ್ತಂತೆ. ಶಾಲೆ, ಸೊಸೈಟಿ, ವಕೀಲರು, ಎಲ್ಲರಿಗೂ ಹೊಸದು ಬೇಕು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾದಾಗಲೂ ಹೀಗೆಯೇ ಒಂದು ಸುಗ್ಗಿ ಬಂದಿತ್ತು. (ನಮ್ಮ ನಾಯಿಯ ಮುಧೋಳವೂ ಅಲ್ಲಿಯವರೆಗೆ ಬಿಜಾಪುರ ಜಿಲ್ಲೆಯದೇ.) "ಶಿಕ್ಕಾ ಎರಡು ದಿನದಲ್ಲಿ ಬದಲಾಗುತ್ತದೆ" ಎಂದರು ಚಾಚಾ. "ಹೊಸ ಶಿಕ್ಕಾ ಒಯ್ಯಲು ಬಂದವರು ಫೋನಿನಲ್ಲಿ, ಬಿಜಾಪುರಕ್ಕೆ ಬಂದಿದ್ದೇನೆ ಎಂದೇ ಹೇಳುತ್ತಿದ್ದರು." ರೈಲು ಟಿಕೆಟ್ಟಿನ ಮೇಲಿನ ಮೂರಕ್ಷರದ ಸಂಕೇತ ಈಗಲೂ ಹಳೆಯ ಹೆಸರಿನದೇ ಎಂಬುದು ನನಗೂ ಆಗ ನೆನಪಾಯಿತು.

ಆ ದಿನ ಬಿಲ್ಲೆ ಮಾಡಿಸದೆ ಮರಳಿದೆ. ಅರ್ಧ ಗಂಟೆ ಅವರ ಹೊತ್ತು ಹಾಳು ಮಾಡಿದ್ದಕ್ಕೆ ಮುಖ ಸಿಂಡರಿಸಲಿಲ್ಲ. ನನ್ನ ಲೆಕ್ಕದಲ್ಲಿ ಇದಕ್ಕೇ ಒಂದು ಅಂಕ.

ಲಸಿಕೆಗೆಂದು ಹೋದಾಗ ಪಶುವೈದ್ಯರನ್ನು ಕೇಳಿದೆ. ನಾಯಿಗೆ ಹೆಸರೆಂದರೆ ಅರ್ಥವಲ್ಲ, ಒಂದು ಸದ್ದು. ಆ ಸದ್ದಿನ ಹಿಂದೆ ಒಳ್ಳೆಯದು ಬರುತ್ತದೆ ಎಂದು ಗೊತ್ತಾದರೆ ಹೊಸ ಸದ್ದನ್ನೂ ಕಲಿಯುತ್ತದೆ ಎಂದರು. ಹಳೆಯ ಮನೆಯಲ್ಲಿ ಹೆಸರು ಹಿಡಿದೇ ಹೊಡೆಯುತ್ತಿದ್ದರೆ, ಬದಲಿಸುವುದೇ ವಾಸಿ. ನಮ್ಮದಕ್ಕೆ ಆ ಹೆದರಿಕೆ ಇಲ್ಲ, ಹೆಸರು ಕೇಳಿದರೆ ಬಾಲ ಅಲ್ಲಾಡುತ್ತದೆ. ಬದಲಿಸುವುದಾದರೆ ಹೊಸ ಹೆಸರು ಮೊದಲು, ಅದರ ಬೆನ್ನಿಗೇ ಹಳೆಯದು, ಆಮೇಲೆ ತಿನಿಸು. ದಿನಕ್ಕೆ ಹಲವು ಸಲ, ಎರಡೆರಡು ನಿಮಿಷ ಸಾಕು. ಕ್ರಮೇಣ ಹಳೆಯದನ್ನು ಬಿಡುತ್ತಾ ಬನ್ನಿ, ಬೈಯುವಾಗ ಮಾತ್ರ ಹೊಸ ಹೆಸರನ್ನು ಬಳಸಬೇಡಿ. ಲಸಿಕೆಯ ಪುಸ್ತಕದಲ್ಲಿ ಹಳೆಯದನ್ನು ಹೊಡೆದು ಹಾಕದೆ ಪಕ್ಕದಲ್ಲೇ ಹೊಸದನ್ನು ಬರೆಯಿರಿ, ಇಲ್ಲದಿದ್ದರೆ ಹಿಂದಿನ ಲಸಿಕೆಗಳು ಬೇರೆ ಯಾವುದೋ ನಾಯಿಯವು ಎನಿಸುತ್ತವೆ ಎಂದೂ ಹೇಳಿದರು.

ಮೋತಿ ಎಂದು ಶುರುಮಾಡಿದೆವು. ಹೊಸತನವೇನೂ ಇಲ್ಲದ ಹೆಸರು, ಓಣಿಗೊಂದು ಮೋತಿ ಇರುತ್ತದೆ. ಆದರೆ ಎರಡೇ ಅಕ್ಷರ, ಮತ್ತು ಆ ಹೆಸರಿನ ಮನುಷ್ಯರು ನಮ್ಮ ಓಣಿಯಲ್ಲಿಲ್ಲ. "ಮೋತಿ, ಸಾವಕಾರ", ಒಂದು ಚೂರು ಪನೀರು. "ಮೋತಿ, ಸಾವಕಾರ", ಒಂದು ತುಣುಕು ರೊಟ್ಟಿ. ಒಂಬತ್ತನೇ ದಿನಕ್ಕೆ ಬರೀ ಮೋತಿ ಎಂದರೂ ಅಡುಗೆಮನೆಗೆ ಓಡಿ ಬಂದಿತು. ಇಷ್ಟು ಸುಲಭವೇ ಎಂದು ನನಗೆ ಸ್ವಲ್ಪ ಬೇಸರವೇ ಆಯಿತು ಅನ್ನಿ.

ಅತ್ತೆಗೆ ಎಂಬತ್ತನಾಲ್ಕು. ಮಂಚದ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದವರು ಒಂದು ದಿನ ಹೇಳಿದರು: "ಪಾಪ, ಬೆಳೆದ ಜೀವಕ್ಕೆ ಹೆಸರು ಬದಲಿಸಬಾರದು. ತಾನು ಯಾರೆಂದು ಅದಕ್ಕೆ ತಿಳಿಯದೆ ಹೋಗುತ್ತದೆ." ನಾನು ರೊಟ್ಟಿ ತಟ್ಟುತ್ತಿದ್ದೆ. ತಟ್ಟುವುದನ್ನು ನಿಲ್ಲಿಸಲಿಲ್ಲ.

ಮಾರನೆಯ ವಾರ ಬಿಲ್ಲೆ ಮಾಡಿಸಿದೆ. "ಮೋತಿ ಎಂದು ಬರೆಯಿರಿ" ಎಂದೆ. ಚಾಚಾ ಬೇಡವೆಂದರು. ಮುಧೋಳದ ನಾಯಿಗೆ ಬೆಲೆಯಿದೆ, ಹೆಸರು ಬರೆದರೆ ಕಳ್ಳನಿಗೆ ನೀವೇ ಕರೆಯುವುದನ್ನು ಕಲಿಸಿಕೊಟ್ಟಂತೆ, ಮೊಬೈಲ್ ಸಂಖ್ಯೆ ಸಾಕು ಎಂದರು. ಈ ವಿವೇಕ ಆನ್‌ಲೈನಿನವರಲ್ಲಿ ಇರಲಿಲ್ಲ. ಎರಡು ಸಂಖ್ಯೆ ಬರೆದರು, ಒಂದು ನನ್ನದು, ಒಂದು ಯಜಮಾನರದು. ಅಂಕಿಗಳು ಆಳವಾಗಿ, ನೆಟ್ಟಗೆ ಬಂದಿವೆ, ಬೆರಳಾಡಿಸಿದರೆ ತಿಳಿಯುತ್ತವೆ. 180 ರೂಪಾಯಿ. ಹಿಂಬದಿಯನ್ನು ಖಾಲಿ ಬಿಟ್ಟು, "ಎಂದಾದರೂ ಬರೆಸಬೇಕೆನಿಸಿದರೆ ತನ್ನಿ, ಅದಕ್ಕೆ ಹಣ ಬೇಡ" ಎಂದರು.

ಕೊರತೆಗಳೂ ಇವೆ. ಬಿಲ್ಲೆಯ ಜೊತೆಗೆ ಕೊಡುವ ಕೊಂಡಿ ತೀರಾ ತೆಳು, ಹದಿನೆಂಟು ದಿನಕ್ಕೆ ಬಾಯಿ ಬಿಟ್ಟಿತು. ಬೀಗದ ಕೈ ಪೋಣಿಸುವ ಗಟ್ಟಿ ರಿಂಗನ್ನು ನೀವೇ ಒಯ್ಯುವುದು ಲೇಸು. ಹಿತ್ತಾಳೆ ನೀರು ತಗಲಿದರೆ ಕಪ್ಪಾಗಿ ಬಿಳಿ ಕೂದಲಿಗೆ ಕಲೆ ಹಿಡಿಯುತ್ತದೆ, ಬಿಳಿ ನಾಯಿಯಾದರೆ ಸ್ಟೀಲಿನದನ್ನು ಕೇಳಿ. ಹೇಳಿದ ದಿನಕ್ಕೆ ಕೆಲಸ ಮುಗಿದಿರುತ್ತದೆ, ಆದರೆ ಬೆಳಿಗ್ಗೆ ಎಂದರೆ ಹನ್ನೊಂದೂವರೆ ಎಂದು ತಿಳಿಯಿರಿ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಚ್ಚಿರುತ್ತದೆ. ಇನ್ನೊಂದು ಮಾತು, ಇದು ಅಂಗಡಿಯ ತಪ್ಪಲ್ಲ: ಮುಧೋಳದ ನಾಯಿಯ ಕುತ್ತಿಗೆ ತಲೆಯಷ್ಟೇ ದಪ್ಪ. ಸಾಮಾನ್ಯ ಪಟ್ಟಿಯಿಂದ ತಲೆ ಹಿಂದಕ್ಕೆ ಎಳೆದು ಸರಕ್ಕನೆ ಹೊರಬರುತ್ತದೆ. ಅಗಲವಾದ ಪಟ್ಟಿ ಬೇಕು.

ಇದು ನನಗೆ ತಿಳಿದದ್ದು ಇಬ್ರಾಹಿಂ ರೋಜಾದ ಆಚೆಗಿನ ಬಯಲಿನಲ್ಲಿ. ಬೆಳಿಗ್ಗೆ ಆರೂವರೆ. ಕೊಂಡಿ ಮುರಿದಿದ್ದರಿಂದ ಬಿಲ್ಲೆ ನನ್ನ ಚೀಲದಲ್ಲಿತ್ತು. ದೂರದಲ್ಲಿ ಒಂದು ಆಡಿನ ಮರಿ ಜಿಗಿಯಿತು. ಈ ನಾಯಿಗಳು ಬೇಟೆಯಾಡುವುದು ಮೂಗಿನಿಂದಲ್ಲ, ಕಣ್ಣಿನಿಂದ. ಓಡುವುದು ಕಂಡರೆ ಕಿವಿ ಮುಚ್ಚಿದಂತೆಯೇ. ನನ್ನ ಕೈಯಲ್ಲಿ ಖಾಲಿ ಪಟ್ಟಿ ಉಳಿಯಿತು. "ಮೋತಿ! ಮೋತಿ!" ಎಂದೆ. ಬೇರೆ ಯಾರ ನಾಯಿಯನ್ನೋ ಕರೆದ ಹಾಗೆ ಅದು ಹೋಗುತ್ತಲೇ ಇತ್ತು. ಆಡಿನವನು ಕೋಲು ಎತ್ತಿದ. ಆಗ ಯಾವ ಮರ್ಯಾದೆಯೂ ನೆನಪಾಗದೆ, ಗಂಟಲು ಹರಿಯುವಂತೆ ಕೂಗಿದೆ: "ಸಾವಕಾರಾ!"

ನಾಯಿ ನಿಂತಿತು. ತಿರುಗಿತು. ರಸ್ತೆಯ ಅಂಚಿನಲ್ಲಿ ವಾಕಿಂಗ್ ಹೊರಟಿದ್ದ ನಮ್ಮ ಮನೆಯ ಮಾಲೀಕರೂ ನಿಂತರು, ತಿರುಗಿದರು.

"ನನ್ನನ್ನು ಕರೆದಿರಾ?"

"ಹೌದು ಸಾವಕಾರರೇ" ಎಂದೆ. "ಈ ನಾಯಿಯನ್ನು ಸ್ವಲ್ಪ ಹಿಡಿಯುತ್ತೀರಾ?"

ಹಿಡಿದುಕೊಟ್ಟರು. ಈಗ ದಿನವೂ ಅದಕ್ಕೆ ಒಂದು ಬಿಸ್ಕತ್ತು ತರುತ್ತಾರೆ, ಮೋತಿ ಎಂದೇ ಕರೆಯುತ್ತಾರೆ. ನಾನು ಅಂದು ಅಷ್ಟು ಜೋರಾಗಿ ಏಕವಚನದಲ್ಲಿ ಕೂಗಿದ್ದನ್ನು ಅವರು ಈವರೆಗೆ ಎತ್ತಿಲ್ಲ.

ಕೊಂಡಿ ಬದಲಿಸಲು ಮತ್ತೆ ಅಂಗಡಿಗೆ ಹೋದೆ. ಹಣ ತೆಗೆದುಕೊಳ್ಳದೆ ಗಟ್ಟಿಯಾದ ಬೇರೆ ಹಾಕಿಕೊಟ್ಟರು. ಜೊತೆಗೆ ನಾಯಿ ಊಟ ಮಾಡುವ ಸ್ಟೀಲು ಬೋಗುಣಿಯನ್ನೂ ಒಯ್ದಿದ್ದೆ. ಬಿಲ್ಲೆ ಬೀದಿಗೆ, ಬೋಗುಣಿ ಮನೆಯೊಳಗೆ. ಅದರ ಮೇಲೆ ಸಾವಕಾರ ಎಂದೇ ಇರಲಿ ಎಂದು ನಿರ್ಧರಿಸಿದ್ದೆ. ಓಣಿಯಲ್ಲಿ ಮೋತಿ, ಊಟಕ್ಕೆ ಮತ್ತು ಆಪತ್ತಿಗೆ ಸಾವಕಾರ.

ಚಾಚಾ ಬೋಗುಣಿಯನ್ನು ತಿರುಗಿಸಿದರು. ಅಡಿಯಲ್ಲಿ ಹಳೆಯ ಕೈಬರಹ: ಚಿ. ಸೌ. ಇಂದಿರಾಳಿಗೆ, ಸೋದರಮಾವನಿಂದ, 1989.

"ಇವರು ಯಾರು?"

"ನಾನೇ."

ಮಾವ ಮುಂಚೆಯೇ ಬರೆಸಿ ತಂದಿದ್ದ. ಮದುವೆಯ ದಿನವೇ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಪದ್ಮಾವತಿ ಎಂದು ಬರೆಸಿದರು. ಅತ್ತೆಯವರು ಆರಿಸಿದ ಹೆಸರು. ಹೀಗಾಗಿ ಬೋಗುಣಿ ನನ್ನ ಕೈ ಸೇರುವ ಹೊತ್ತಿಗೇ ಹಳೆಯದಾಗಿತ್ತು. ಇಂದು ಇಂದಿರಾ ಎನ್ನುವವನು ಇಂಡಿ ಪಟ್ಟಣದಲ್ಲಿರುವ ನನ್ನ ತಮ್ಮನೊಬ್ಬನೇ. ಅವನ ಫೋನು ಬಂದರೆ ಎರಡನೇ ಸಲ ಕರೆಯಿಸಿಕೊಳ್ಳುವುದಿಲ್ಲ.

"ಉಜ್ಜಿ ತೆಗೆಯಲೇ?" ಎಂದು ಕೇಳಿದರು. "ಆದರೆ ತಗಡು ತೆಳುವಾಗುತ್ತದೆ."

"ಇರಲಿ ಬಿಡಿ" ಎಂದೆ. "ಪಕ್ಕಕ್ಕೆ ಬರೆಯಿರಿ."

ಪೆನ್ಸಿಲಿನಲ್ಲಿ ಸಾವಕಾರ ಎಂದು ಬರೆದು ತೋರಿಸಿದರು. ಕೊನೆಯ ರ ಕಂಠದ ಅಂಚಿಗೆ ತೀರಾ ಹತ್ತಿರವಾಗಿತ್ತು. ಒರೆಸಿ ಮತ್ತೆ ಬರೆದರು. ಅರವತ್ತು ರೂಪಾಯಿ, ಗುರುವಾರ ಬನ್ನಿ ಎಂದು ಚೀಟಿಯ ಪುಸ್ತಕ ತೆಗೆದರು. ಪೆನ್ನು ಹಿಡಿದು ನನ್ನ ಮುಖ ನೋಡಿದರು.

"ಯಾವ ಹೆಸರು ಬರೆಯಲಿ ಅಕ್ಕನವರೇ?"

"ಆಧಾರ್ ಕಾರ್ಡಿನಲ್ಲಿರುವುದನ್ನೇ ಬರೆಯಿರಿ ಚಾಚಾ" ಎಂದೆ.