ಅನ್ಯಾಯವಾಗಿ ಕೆಳಗಿಳಿಸಿದರೆ: ಉಳಿಯಬೇಕಾ, ಜಾಗ ಬದಲಿಸಬೇಕಾ, ಬಿಡಬೇಕಾ?

ಅಪ್ರೆಂಟಿಸ್ ಆಗಿ, ಅಂದರೆ ಸಂಬಳ ಪಡೆಯುತ್ತಾ ಕೆಲಸದ ಜಾಗದಲ್ಲೇ ವೈರಿಂಗ್ ಕಲಿಯುತ್ತಿದ್ದವರನ್ನು ಕಾರಣ ಹೇಳದೆ ಮತ್ತೆ ಸಾಮಾನು ಹೊರುವ ಕೆಲಸಕ್ಕೆ ಹಾಕಿದರೆ ನೋವಾಗುತ್ತದೆ. ಬಿಟ್ಟುಬಿಡೋಣ ಅನ್ನಿಸುವುದು ಸಹಜ. ಆದರೂ ಮೂರು ದಾರಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಹಣದ ವಿಷಯದಲ್ಲಿ ಉಳಿಯುವುದೇ ಸುಲಭ, ಸಂಬಳ ನಿಲ್ಲುವುದಿಲ್ಲ. ಬಿಟ್ಟರೆ ಮರುದಿನದಿಂದಲೇ ಕೈ ಖಾಲಿ.

ನನಗೆ ಹಣಕ್ಕಿಂತ ದೊಡ್ಡದು ಕಲಿಕೆಯ ಲೆಕ್ಕ. ಮಾಡಿದ ಕೆಲಸ, ಗಂಟೆ, ಮೇಲಿನವರ ಸಹಿ ಇರುವ ದಾಖಲೆಯೇ ನಿಮ್ಮ ಆಸ್ತಿ. ಉಳಿದು ಬರೀ ಹೊರುವ ಕೆಲಸ ಮಾಡಿದರೆ ಅದು ಬೆಳೆಯುವುದಿಲ್ಲ. ಬೇರೆ ಮಾಲೀಕರ ಹತ್ತಿರ ಹೋದರೆ ಹಳೆಯ ಗಂಟೆಗಳು ಲೆಕ್ಕಕ್ಕೆ ಬರಬಹುದು. ತರಬೇತಿ ನೋಡಿಕೊಳ್ಳುವ ಸಂಸ್ಥೆಯನ್ನು ಮೊದಲೇ ಕೇಳಿ, ಪ್ರತಿಗಳನ್ನು ಇಟ್ಟುಕೊಳ್ಳಿ. ಕೋಪದಲ್ಲಿ ಎದ್ದು ಹೊರಟರೆ ಆಮೇಲೆ ಸಹಿ ಸಿಗುವುದು ಕಷ್ಟ, ಅಲ್ವಾ?

ಮನಸ್ಸಿನ ನೆಮ್ಮದಿಗೆ ಉಳಿಯುವುದೇ ಜಾಸ್ತಿ ಭಾರ.

ಮೇಲಿನವರಲ್ಲಿ ಒಬ್ಬರಾದರೂ ಮಾತು ಕೇಳುವವರಿದ್ದರೆ ಉಳಿಯಿರಿ, ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಕೆಲಸ ಇಷ್ಟ, ಜಾಗ ಮಾತ್ರ ಕಷ್ಟ ಅಂದರೆ ಹೊಸ ಜಾಗ ಖಚಿತ ಮಾಡಿಕೊಂಡು ಬದಲಿಸಿ. ಆ ಕಸುಬೇ ಬೇಡವಾಗಿದ್ದರೆ ಅಥವಾ ಸುರಕ್ಷತೆ ಇಲ್ಲದ ಕೆಲಸ ಮಾಡಿಸುತ್ತಿದ್ದರೆ, ಬಿಡುವುದು ಸೋಲಲ್ಲ.